ಉಂಡವಳ ಉಪವಾಸ

ತೇರದಾಳದ ಪದ್ಮವ್ವ ಉಪವಾಸ ಮಾಡುವುದರಲ್ಲಿ ಎಷ್ಟು ಗಟ್ಟಿಯೋ, ಬಯ್ಯುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಜೈನರ ದಶಲಕ್ಷಣ ಪರ್ವದ ಹತ್ತು ದಿನ ಮಧ್ಯಾಹ್ನದ ಒಂದು ಲೋಟ ಕಾಸಿದ ನೀರು ಬಿಟ್ಟರೆ ಆಕೆಯ ಬಾಯೊಳಗೆ ಏನೂ ಹೋಗುತ್ತಿರಲಿಲ್ಲ. ಬಾಯಿಂದ ಹೊರಗೆ ಬರುವುದಕ್ಕೆ ಮಾತ್ರ ಯಾವ ವ್ರತವೂ ಅಡ್ಡವಿರಲಿಲ್ಲ. ಐದು ವರ್ಷ ಹೀಗೆ ಗೆದ್ದಿದ್ದಳು. ಹನ್ನೊಂದನೆಯ ದಿನ ಬೆಳಿಗ್ಗೆ ಉಪವಾಸ ಬಿಡುವ ಪಾರಣೆ, ಬಸದಿಯಿಂದ ಮನೆಯವರೆಗೆ ಬ್ಯಾಂಡ್ ಹಚ್ಚಿ ಮೆರವಣಿಗೆ, ಶಾಲು, ಹಾರ. ಮೋಕ್ಷದ ಮಾತು ಆಮೇಲೆ, ಶಾಲಂತೂ ಖಾತ್ರಿ. ಇದು ಆರನೆಯ ವರ್ಷ, ಊರಲ್ಲಿ ಯಾವ ಹೆಂಗಸೂ ಆರಕ್ಕೆ ಮುಟ್ಟಿರಲಿಲ್ಲ.

ಈ ಸಲ ಆಕೆಯ ಸಿಟ್ಟೆಲ್ಲ ಒಂಬತ್ತು ವರ್ಷದ ಮೊಮ್ಮಗಳು ಸಿದ್ಧಿಯ ಮೇಲೆ. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟಬಾರದು ಎಂಬುದು ಮನೆಯ ನಿಯಮ. ಹುಡುಗಿ ತಿಂಗಳಿಂದ ಅದನ್ನು ಗಾಳಿಗೆ ತೂರಿ, ಕತ್ತಲಾದರೆ ಸಾಕು, ತಂಬಿಗೆಗಟ್ಟಲೆ ಕುಡಿಯುತ್ತಿದ್ದಳು. ಪರ್ವದ ಮೊದಲನೆಯ ದಿನದಿಂದಲೇ ಪದ್ಮವ್ವ ಸಂಜೆಯಾಗುತ್ತಲೇ ನೀರಿನ ಕೊಡವನ್ನು ತನ್ನ ಕೋಣೆಗೆ ಸಾಗಿಸಿ ಬೀಗ ಜಡಿಯತೊಡಗಿದಳು. ಮೂರನೆಯ ದಿನ ಸಂಜೆ ಹುಡುಗಿ ಬಚ್ಚಲಿನ ಬಕೆಟ್ಟಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಬೆನ್ನಿಗೆ ಎರಡು ಬಾರಿಸಿದಳು. ಅಹಿಂಸೆ ಇರುವೆಗಳಿಗೆ ಮಾತ್ರ.

ಇರುವೆಗಳೂ ಇದ್ದವು. ಬಚ್ಚಲ ಮೋರಿಗೆ ಸಾಲುಗಟ್ಟಿ ಬರುತ್ತಿದ್ದವು. ಪದ್ಮವ್ವ ಅವನ್ನು ಮೆತ್ತಗಿನ ಪೊರಕೆಯಿಂದ, ಒಂದೂ ಸಾಯದಂತೆ ಗುಡಿಸಿ ಹಿತ್ತಲಿಗೆ ಬಿಟ್ಟು, ಸೊಸೆ ಮಾನಸಿಗೆ ಕೇಳುವಂತೆ ಒದರುತ್ತಿದ್ದಳು: "ಬಚ್ಚಲದಾಗ ಕುಂತು ಬೆಲ್ಲಾ ತಿನ್ನೋರು ಯಾರ್ ಬೇ ಈ ಮನ್ಯಾಗ?"

ಹುಡುಗಿ ತಿನ್ನುವುದೇನು ಕಡಿಮೆಯಿರಲಿಲ್ಲ; ಒಂದೇ ಹೊತ್ತಿಗೆ ಐದು ಚಪಾತಿ. ಆದರೂ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಪಕ್ಕದ ಮನೆಯ ತಂಗೆವ್ವ, "ಮೊಮ್ಮಗಳೂ ನಿಮ್ಮಂಗ ತಪಸ್ವಿ ಆಗ್ತಾಳ ಬಿಡ್ರಿ," ಅಂದಾಗ ಪದ್ಮವ್ವ ಒಳಗೊಳಗೇ ಉಬ್ಬಿದ್ದಳು. ಬನಹಟ್ಟಿಯಲ್ಲಿ ನೂಲಿನ ಅಂಗಡಿ ಇಟ್ಟಿದ್ದ ಮಗ ಆದಿನಾಥ, ಮಗಳಿಗೆ ಶಕ್ತಿ ಬರಲೆಂದು ಗ್ಲೂಕೋಸ್ ಪುಡಿಯ ಡಬ್ಬಿ ತಂದ. ಅದು ಮುಗಿದ ಮೇಲೆ ಇನ್ನೊಂದು ತಂದ. ಶಕ್ತಿ ಮಾತ್ರ ಎಲ್ಲೂ ಕಾಣಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಸಿದ್ಧಿ ನಾಲ್ಕು ಸಲ ವಾಂತಿ ಮಾಡಿಕೊಂಡು, ಹೊಟ್ಟೆ ಹಿಡಿದುಕೊಂಡು ಮಲಗಿದಳು. ಓಡಿ ಬಂದವಳ ಹಾಗೆ ದೊಡ್ಡ ದೊಡ್ಡ ಉಸಿರು. ಆದಿನಾಥ, "ಗ್ಯಾಸ್ ಆಗೇತಿ, ಸಂಜಿಕ ತೋರಸೂಣು," ಅಂದ.

ಪದ್ಮವ್ವ ಗೊಣಗುತ್ತಲೇ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹುಡುಗಿಯ ಉಸಿರು ಮುಖಕ್ಕೆ ಬಡಿಯಿತು. ಕಳಿತ ಬಾಳೆಹಣ್ಣಿನ ವಾಸನೆ.

ಆ ವಾಸನೆ ಅವಳಿಗೆ ಹೊಸದಲ್ಲ. ಪ್ರತಿ ವರ್ಷ ಉಪವಾಸದ ನಾಲ್ಕನೆಯ ದಿನಕ್ಕೆ ತನ್ನ ಬಾಯಿಂದಲೇ ಅದು ಹೊರಡುತ್ತಿತ್ತು. ಸೊಸೆ ಮಾತಾಡುವಾಗ ಮುಖ ತಿರುಗಿಸುತ್ತಿದ್ದದ್ದೂ ಅದಕ್ಕೇ. ಕಳ್ಳಿ, ನನ್ನ ಸರಿಸಮ ಗುಟ್ಟಾಗಿ ಉಪವಾಸ ಹಿಡಿದಿದ್ದಾಳೆ ಅಂದುಕೊಂಡಳು.

"ಮಾನಸೀ, ನಿನ್ನೆ ಇಕಿ ಏನ್ ಉಂಡಾಳ?"

"ಐದು ಚಪಾತಿ, ಅನ್ನಾ ಸಾರು, ಮ್ಯಾಲ ಒಂದ್ ತಂಬಿಗಿ ಗ್ಲೂಕೋಸ್ ನೀರು. ನಾನ ನೀಡೇನಿ ಅತ್ತಿ."

ಪದ್ಮವ್ವ ಬಗ್ಗಿ ಮತ್ತೊಮ್ಮೆ ಮೂಸಿದಳು. ಒಂಬತ್ತು ದಿನ ಏನೂ ತಿನ್ನದ ತನ್ನ ಬಾಯಿಗಿಂತ, ನಿನ್ನೆ ಹೊಟ್ಟೆ ತುಂಬ ಉಂಡ ಹುಡುಗಿಯ ಬಾಯಿ ಹೆಚ್ಚು ನಾರುತ್ತಿತ್ತು. ಇದು ಇರಬಾರದ ವಾಸನೆ.

"ಗಾಡಿ ತಗೀ ಲೇ ಆದಿನಾಥ! ಜಮಖಂಡಿಗೆ ನಡಿ!"

"ಅವ್ವಾ, ಗ್ಯಾಸ್..."

"ನಿನ್ನ ಗ್ಯಾಸಿಗೆ ಬೆಂಕಿ ಹಚ್ಚಲಿ! ತಗೀ ಅಂದೇನಿ!"

ದವಾಖಾನೆಯಲ್ಲಿ ರಾಜಶ್ರೀ ಎಂಬ ಎಳೆಯ ಡಾಕ್ಟರ್ ಇದ್ದಳು. ಆದಿನಾಥ ಗ್ಯಾಸಿನ ಪುರಾಣ ಬಿಚ್ಚುವಷ್ಟರಲ್ಲಿ ಪದ್ಮವ್ವ ಅವನನ್ನು ಪಕ್ಕಕ್ಕೆ ತಳ್ಳಿದಳು. "ಡಾಕ್ಟರವ್ವಾ, ಮೊದಲ ನನ್ನ ಬಾಯಿ ಮೂಸ್ರಿ, ಆಮ್ಯಾಲ ಇಕಿ ಬಾಯಿ ಮೂಸ್ರಿ. ನಂದು ಉಪವಾಸ. ಇಕಿ ಉಂಡಾಳ."

ಡಾಕ್ಟರ್ ಅಜ್ಜಿಯ ಬಾಯಿ ಮೂಸಲಿಲ್ಲ, ಪುಣ್ಯವಂತೆ. ಹುಡುಗಿಯ ಉಸಿರು ನೋಡಿದವಳೇ ಬೆರಳಿಗೆ ಸೂಜಿ ಚುಚ್ಚಿದಳು. ರಕ್ತದಲ್ಲಿನ ಸಕ್ಕರೆ ಯಂತ್ರದ ಅಳತೆಯನ್ನೇ ಮೀರಿತ್ತು. ಅರೆ ಗಳಿಗೆಯಲ್ಲಿ ಎರಡೂ ಕೈಗೆ ನಳಿಕೆಗಳು ಬಿದ್ದವು.

ಇನ್ಸುಲಿನ್ ಹರಿಯತೊಡಗಿದ ಮೇಲೆ ಡಾಕ್ಟರ್ ಹೊರಗೆ ಬಂದು ತಿಳಿಸಿ ಹೇಳಿದಳು. "ಕಾರ್ಖಾನಿ ಗೇಟಿನ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಾವು ಅಂತ ತಿಳೀರಿ. ಗೇಟ್ ತಗಿಯಾವ ಇನ್ಸುಲಿನ್. ಅವನ ಇಲ್ಲ. ಹೊರಗ ಸಕ್ಕರಿ ತುಂಬಿ ತುಳಕಾಕತ್ತೈತಿ, ಒಳಗ ಮೈ ಹಸದು ತನ್ನ ಕೊಬ್ಬು ತಾನ ಸುಡಾಕತ್ತೈತಿ. ಆ ಹೊಗಿನ ಈ ವಾಸನಿ. ಅದರಿಂದ ರಕ್ತ ಹುಳಿ ಆಗೇತಿ. ಹುಳಿ ಹೊರಗ ಹಾಕಾಕ ಅಷ್ಟು ಜೋರ ಉಸಿರು."

"ನಂದೂ ಸುಡತೈತಲ್ರಿ ಮತ್ತ?"

"ಸುಡತೈತಿ. ಆದ್ರ ನಿಮ್ಮ ಮೈಯಾಗ ಉರಿ ಸಣ್ಣ ಮಾಡಾಕ ಚೂರು ಇನ್ಸುಲಿನ್ ಐತಿ. ಆಕಿಗೆ ಅದೂ ಇಲ್ಲ."

"ನೀರು ಯಾಕ ಅಷ್ಟು ಕುಡೀತಾಳ್ರಿ?" ಈ ಸಲ ಪದ್ಮವ್ವನ ದನಿ ಇಳಿದಿತ್ತು.

"ಹೆಚ್ಚಾದ ಸಕ್ಕರಿ ಉಚ್ಚಿಗುಂಟ ಹೋಗತೈತಿ, ಹೋಗುವಾಗ ಮೈಯಾಗಿನ ನೀರು ಎಳಕೊಂಡು ಹೋಗತೈತಿ. ನೀರು ಕುಡದಿದ್ದಕ್ಕ ಇಷ್ಟು ದಿನ ತಡದಾಳ ಆಕಿ. ಇನ್ನೊಂದು ದಿನ ಬಿಟ್ಟಿದ್ರ ಕಷ್ಟಿತ್ತು."

ಪದ್ಮವ್ವ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಇರುವೆಗಳಿಗೆ ತಿಳಿದದ್ದು ತನಗೆ ತಿಳಿದಿರಲಿಲ್ಲ. ಸೊಂಟದಲ್ಲಿ ಕೋಣೆಯ ಬೀಗದ ಕೈ ಚುಚ್ಚುತ್ತಿತ್ತು. ಆರು ವರ್ಷದ ಪುಣ್ಯವೆಲ್ಲ ಆ ಕೊಡದಲ್ಲಿ ಕೊಳೆತಂತೆ ಅನಿಸಿ, ಜೀವನದಲ್ಲಿ ಮೊದಲ ಸಲ ಬಯ್ಯಲು ಯಾರೂ ಸಿಗದೆ ಅತ್ತುಬಿಟ್ಟಳು.

ಹತ್ತನೆಯ ದಿನ ಸಂಜೆಯ ಹೊತ್ತಿಗೆ ಸಿದ್ಧಿಯ ಉಸಿರು ಹದಕ್ಕೆ ಬಂತು. ನರ್ಸ್ ಬಂದು, "ಈಗ ನೀರು ಕೊಡ್ರಿ," ಅಂದಳು. ಕಿಟಕಿಯಾಚೆ ಬೀದಿದೀಪ ಹತ್ತಿತ್ತು. ತೇರದಾಳದಿಂದ ಫೋನ್ ಬಂದಿತ್ತು: ನಾಳೆ ಬೆಳಿಗ್ಗೆ ಮೆರವಣಿಗೆ, ಬ್ಯಾಂಡಿನವರು ತಯಾರು, ಪಾರಣೆಗೆ ಬಂದುಬಿಡಿ.

ಪದ್ಮವ್ವ ಲೋಟ ತುಂಬಿ ಹುಡುಗಿಯ ತುಟಿಗೆ ಹಿಡಿದಳು. ಸಿದ್ಧಿ ಕಿಟಕಿ ನೋಡಿದಳು, ಅಜ್ಜಿಯ ಕೈ ನೋಡಿದಳು, ಬಾಯಿ ಬಿಗಿದಳು. ಒಣಗಿದ ತುಟಿ ಸೀಳಿ ರಕ್ತ ಬಂದಿತ್ತು. ಆದರೂ ಬಾಯಿ ತೆರೆಯಲಿಲ್ಲ.

"ಕುಡಿ ಬೇ ನನ್ನವ್ವಾ."

"ಹೊತ್ತು ಮುಣಗೇತಿ, ಆಯಿ."

"ಮುಣಗಲಿ."

"ಕುಡದ್ರ ಬಡೀತಿ."

ಪದ್ಮವ್ವ ಲೋಟವನ್ನು ತನ್ನ ಬಾಯಿಗೆ ಎತ್ತಿದಳು. ಮಾನಸಿ, "ಅತ್ತೀ, ಒಂದ ರಾತ್ರಿ ಉಳದೈತ್ರಿ!" ಅಂತ ಕೈ ಹಿಡಿಯಲು ಬಂದಳು. ಪದ್ಮವ್ವ ಆ ಕೈಯನ್ನು ಸರಿಸಿ ಗಟಗಟ ಕುಡಿದಳು. ಕೊನೆಯ ಹನಿಯವರೆಗೂ ಕುಡಿದು, ಖಾಲಿ ಲೋಟವನ್ನು ಬೋರಲು ಮಾಡಿ ಮೊಮ್ಮಗಳಿಗೆ ತೋರಿಸಿದಳು.

ಸಿದ್ಧಿ ಅದನ್ನು ಚೆನ್ನಾಗಿ ನೋಡಿ, ಕೈ ಚಾಚಿದಳು.

"ಹಂಗಾರ ನನಗೂ ಕೊಡು."