ಹದಿಮೂರೂವರೆ ಡಿಗ್ರಿಯ ಕ್ಯಾಪ್ಟನ್

ತುಂಬಿದ ಕಂಟೇನರ್ ತುಳುಕುವುದಿಲ್ಲ, ಅದರ ಸಾಹುಕಾರ ತುಳುಕುತ್ತಾನೆ. ಗಾದೆ ಕೆಡಿಸಿದ್ದಕ್ಕೆ ಹಿರಿಯರು ಬೈಯಲಿ, ಅಡ್ಡಿಯಿಲ್ಲ; ಮುಂದೆ ಹೇಳುವುದು ಮಾತ್ರ ಹದಿನಾರಾಣೆ ಖರೆ ಕಥೆ. ಸುಳ್ಳೆನಿಸಿದರೆ ಅಫಜಲಪುರಕ್ಕೆ ಬಂದು, ಹವಳಗಾ ರಸ್ತೆಯ ಬಾಳೆಕಾಯಿ ಪ್ಯಾಕ್‌ಹೌಸ್ ಎಲ್ಲಿ ಎಂದು ಕೇಳಿ. ಅಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವವನು ನಾನು, ಸತೀಶಕುಮಾರ. ಬಿ.ಎ. ಓದಿದ್ದರ ಫಲವಾಗಿ ಚೀಟಿ ಸೊಟ್ಟಗೆ ಅಂಟುವುದಿಲ್ಲ.

ನಮ್ಮ ಸಾಹುಕಾರನ ಹೆಸರು ಗುರುಶಾಂತ. ಶಾಂತ ಇರುವುದು ಹೆಸರಿನಲ್ಲಷ್ಟೇ, ಬಾಯಿ ಸಕ್ಕರೆ ಕಾರ್ಖಾನೆಯ ಭೋಂಗಾ. ಹೋದ ವರ್ಷದವರೆಗೆ ಟೆಂಪೋದಲ್ಲಿ ಬಾಳೆಕಾಯಿ ಹೇರಿಕೊಂಡು ಸೊಲ್ಲಾಪುರದ ಮಾರ್ಕೆಟ್ಟಿಗೆ ಹೋಗುತ್ತಿದ್ದವನಿಗೆ ಈ ವರ್ಷ ದುಬೈ ವ್ಯಾಪಾರಿಯೊಬ್ಬ ಒಂದು ಕಂಟೇನರ್ ಮಾಲು ಕೇಳಿದ. ಅಂದಿನಿಂದ ಅವನ ಬಲಗೈಗೆ ಎರಡನೇ ಗಡಿಯಾರ ಬಂತು. ಎಡಗೈಯಲ್ಲಿ ಅಫಜಲಪುರ, ಬಲಗೈಯಲ್ಲಿ ದುಬೈ.

ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಎಕ್ಸ್‌ಪೋರ್ಟ್ ಮಾಡುವವರು ಎಕ್ಸ್‌ಪೋರ್ಟ್ ಟೈಮಿನಲ್ಲೇ ಇರಬೇಕೆಂದು ಗುರುಶಾಂತ ಹುಕುಂ ಮಾಡಿದ. ಮಧ್ಯಾಹ್ನ ಒಂದಕ್ಕೆ ಸಿಗುತ್ತಿದ್ದ ಊಟದ ಬಿಡುವು ಎರಡೂವರೆಗೆ ಜಾರಿತು. ಬಾಳೆಕಾಯಿ ತೊಳೆದು ತುಂಬುವ ಹೆಂಗಸರ ಮುಖ್ಯಸ್ಥೆ ನಿಂಬೆವ್ವ ಸುಮ್ಮನಿರುವವಳಲ್ಲ.

"ಸಾವ್ಕಾರ್ರ, ಹೊಟ್ಟಿಗೆ ದುಬೈ ಗೊತ್ತಿಲ್ರಿ," ಎಂದಳು.

"ರೂಢಿ ಮಾಡ್ಕೋಬೇಕವ್ವಾ. ನೀವೀಗ ಇಂಟರ್‌ನ್ಯಾಷನಲ್ ಹೆಣ್ಮಕ್ಳು."

"ಹಂಗಾರ ಪಗಾರನೂ ಅಲ್ಲೀದೇ ಕೊಡ್ರಿ."

ಗುರುಶಾಂತ ತಟ್ಟನೆ ಎಡಗೈಯ ಗಡಿಯಾರ ನೋಡಿಕೊಂಡು ಹೊರಟುಹೋದ.

ಅವನಿಗೆ ಬುದ್ಧಿ ಹೇಳುವವರು ಇರಲಿಲ್ಲವೆಂದಲ್ಲ. ಆಳಂದದ ಭಾಗ್ಯಾ ತೋಟಗಾರಿಕೆ ಓದಿದವಳು; ಮಾಲಿನ ಗುಣಮಟ್ಟ ನೋಡಿಕೊಳ್ಳುವ ಕೆಲಸ ಅವಳದು. ಕಂಟೇನರಿನ ತಂಪು ಹದಿಮೂರೂವರೆ ಡಿಗ್ರಿಯಲ್ಲೇ ಇರಬೇಕೆಂದು ಮೂರು ಸಲ ಬಾಯಲ್ಲಿ ಹೇಳಿದಳು, ನಾಲ್ಕನೇ ಸಲ ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದಳು.

"ಅದಕ್ಕಿಂತ ಭಾಳ ತಂಪಾದ್ರ ಬಾಳಿಕಾಯಿ ಸಿಪ್ಪಿ ಬೂದಿ ಬಣ್ಣ ಆಗ್ತದ್ರಿ ಸರ್. ಆಮ್ಯಾಲ ಏನು ಮಾಡಿದ್ರೂ ಹಳದಿಗೆ ತಿರಗಂಗಿಲ್ಲ."

"ನಮ್ಮ ಮನ್ಯಾಗೂ ಫ್ರಿಜ್ ಅದ ತಂಗಿ. ತಂಪಿಗೆ ಮಾಲು ಕೆಡ್ತದಂತ ನನಗ ಹೇಳಬ್ಯಾಡ."

ಹುಡುಗಾಟಿಕೆಯ ಮಾತಲ್ಲ ಅದು. ಮೂರು ತಾಲೂಕಿನ ಇಪ್ಪತ್ತೆರಡು ರೈತರ ಮಾಲು ಆ ಒಂದೇ ಪೆಟ್ಟಿಗೆಯಲ್ಲಿತ್ತು. ಜೇವರ್ಗಿ ಕಡೆಯ ಸೈದಪ್ಪನಂತೂ ಪೂರಾ ತೋಟ ಕೊಯ್ಯಿಸಿ, ತನ್ನ ಬಾಳೆಕಾಯಿ ಹಡಗು ಹತ್ತುತ್ತದೆಂದು ಯಡ್ರಾಮಿಯವರೆಗೂ ಹೇಳಿಬಂದಿದ್ದ. ಮಾಲು ಕೆಟ್ಟರೆ ಗುರುಶಾಂತನ ಹೆಸರಿಗೆ ಮತ್ತೆ ಯಾರೂ ಒಂದು ಗೊನೆ ಕೊಯ್ಯುತ್ತಿರಲಿಲ್ಲ. ಪ್ಯಾಕ್‌ಹೌಸಿಗೆ ಬೀಗ, ನಮಗೆಲ್ಲ ಮನೆಯ ದಾರಿ.

ಕಂಟೇನರಿಗೆ ತೆಂಗಿನಕಾಯಿ ಒಡೆದು, ಬೆಳಿಗ್ಗೆ ಹನ್ನೊಂದಕ್ಕೆ ಮುಂಬೈ ಬಂದರಿನ ದಾರಿ ಹಿಡಿಸಿದರು. ಡ್ರೈವರ್ ಖಾದರಸಾಬ. ಹನ್ನೆರಡೂವರೆಯ ಹೊತ್ತಿಗೆ ಹೆಂಗಸರ ಹೊಟ್ಟೆ ಮುಂದಿನ ಲೋಡಿನ ಮಾಲಿನ ಎದುರು ಗುರುಗುಟ್ಟತೊಡಗಿತು. ನಿಂಬೆವ್ವ ನನ್ನ ಹತ್ತಿರ ಬಂದಳು.

"ತಮ್ಮಾ, ಕಂಡಕ್ಟರನಂಗ, ತಹಶೀಲ್ದಾರನಂಗ ಮಾತಾಡ್ತೀಯಲ್ಲ. ಈ ಎರಡ ಗಡಿಯಾರದವಗ ಹೇಳೂವಂಥಾದು ಒಂದು ದನಿ ಇಲ್ಲೇನು ನಿನ್ನ ಹಂತ್ಯಾಕ?"

ಇತ್ತು. ತೂಕ ನೋಡುವ ಲಾಲಸಾಬನ ಹೊಸ ಸಿಮ್ಮಿನ ನಂಬರು ಸಾಹುಕಾರನಿಗೆ ಗೊತ್ತಿರಲಿಲ್ಲ. ಖಾಲಿ ಕ್ರೇಟುಗಳ ಹಿಂದೆ ಕುಳಿತು, ದನಿ ದೂರದಿಂದ ಬಂದಂತೆ ಕೇಳಲೆಂದು ತಲೆಗೆ ಪ್ಲಾಸ್ಟಿಕ್ ಬಕೀಟು ಹಾಕಿಕೊಂಡೆ. ಲಾಲಸಾಬ ಬಾಳೆಕಾಯಿ ತೊಳೆಯುವ ತೊಟ್ಟಿಯಲ್ಲಿ ಕೈಯಾಡಿಸಿ ಅರಬ್ಬಿ ಸಮುದ್ರ ಮಾಡಿದ.

"ಹಲೋ, ಗುರುಶಾಂತ ಅವರಾ? ನಾನು ಹಡಗಿನಿಂದ ಕ್ಯಾಪ್ಟನ್ ಪಿಂಟೋ. ಊರು ಮಂಗಳೂರು ಮಾರಾಯ್ರೆ."

ಲಾರಿ ಇನ್ನೂ ಅಕ್ಕಲಕೋಟ ದಾಟಿರಲಿಲ್ಲ, ಹಡಗಿನ ಮುಖ ನೋಡಬೇಕಾದರೆ ಒಂದು ಹಗಲು ಒಂದು ರಾತ್ರಿ ಬೇಕಿತ್ತು. ಗುರುಶಾಂತನಿಗೆ ಆ ಅನುಮಾನ ಬರಲಿಲ್ಲ. ಬಕೀಟು ತುಸು ಎತ್ತಿ ಕ್ರೇಟಿನ ಸಂದಿಯಿಂದ ನೋಡಿದೆ: ಶಾಸಕರ ಪಿ.ಎ. ಬಂದಾಗಲೂ ಏಳದವನು ಗಾಜಿನ ಆಫೀಸಿನೊಳಗೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದ.

"ಹೇಳ್ರಿ ಸಾಹೇಬ್ರ."

"ನಿಮ್ಮ ಕಂಟೇನರ್ ನಮ್ಮ ಸ್ಕ್ರೀನಿನಲ್ಲಿ ಕಾಣ್ತಾ ಉಂಟು. ಬಾಳೆಕಾಯಿಗೆ ಚಳಿ ಆಗ್ತಾ ಉಂಟಲ್ಲ ಮಾರಾಯ್ರೆ. ಎಲ್ಲ ನಡುಗ್ತಾ ಉಂಟು."

ಮಾಲು ತುಂಬಿದ ಹೆಂಗಸರ ಕೈ ಹಸಿವಿನಿಂದ ನಡುಗಿದ್ದಕ್ಕೇ ಕಾಯಿಯೂ ನಡುಗುತ್ತಿದೆ, ಅವರಿಗೆ ಒಂದಕ್ಕೇ ಊಟಕ್ಕೆ ಬಿಡಿ ಎನ್ನುವುದು ನನ್ನ ಮುಂದಿನ ಮಾತಾಗಿತ್ತು. ಅಷ್ಟರಲ್ಲಿ ಆ ಕಡೆಯಿಂದ ಸಣ್ಣ ದನಿಯೊಂದು ಬಂತು. ಗುರುಶಾಂತನಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ನಿಮಗ ಹ್ಯಾಂಗ ತಿಳೀತ್ರಿ ಸಾಹೇಬ್ರ? ಯಾರೂ ನೋಡಲಾರದಂಗ ಗೇಟಿನ ಹಂತ್ಯಾಕ ಡ್ರೈವರಗ ಹೇಳಿ ಎರಡು ಡಿಗ್ರಿಕ್ಕ ಇಡ್ಸೀನ್ರಿ."

"ಎರಡೇನ್ರೀ?"

ನನ್ನ ಬಾಯಿಂದ ಜಾರಿದ ಆ ಮಾತು ಮಂಗಳೂರಿನದಲ್ಲ, ಅಪ್ಪಟ ಅಫಜಲಪುರದ್ದು. ಬಕೀಟಿನೊಳಗೆ ಕೆಮ್ಮಿ ಸಾವರಿಸಿಕೊಂಡೆ.

"ಬಿಸಲಾಗ ಬೆಳದ ಮಾಲ್ರಿ ಅದು. ಸಮುದ್ರದಾಗರ ತಂಪಿರ್ಲಿ ಅಂತ ಇಡ್ಸೀನ್ರಿ. ಖಾದರಸಾಬ ಕಾಗದದಾಗ ಹದಿಮೂರೂವರಿ ಅದ ಅಂದ. ಲಾರಿ ಬಾಡಗಿ ಕಾಗದ ಕೊಡ್ತದೋ ನಾ ಕೊಡ್ತೇನೋ ಅಂತ ಕೇಳಿನ್ರಿ."

ಬಕೀಟು ತೆಗೆದು ಹೊರಗೆ ಹೋಗಿ, ಸಾವ್ಕಾರ್ರ, ಅದನ್ನು ಸರಿಮಾಡಿಸಿ ಎಂದರೆ ಕೇಳುವವನೇ? ಚೀಟಿ ಅಂಟಿಸು ಹೋಗಲೇ ಎನ್ನುತ್ತಿದ್ದ. ಭಾಗ್ಯಾಳ ಮಾತು ಗೋಡೆಗೆ ಅಂಟಿಕೊಂಡೇ ಇತ್ತು. ಇಪ್ಪತ್ತೆರಡು ರೈತರಿಗೆ ಉಳಿದಿದ್ದವನು ಇಲ್ಲದ ಹಡಗಿನ ಇಲ್ಲದ ಕ್ಯಾಪ್ಟನ್ ಒಬ್ಬನೇ. ತಮಾಷೆಗೆ ಹುಟ್ಟಿಸಿದವನಿಗೆ ಡ್ಯೂಟಿ ಬಿತ್ತು.

"ಈಗಲೇ ಡ್ರೈವರಿಗೆ ಫೋನ್ ಮಾಡಿ. ಹದಿಮೂರೂವರೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

"ನಮ್ಮ ಹುಡುಗಿನೂ ಅದನ್ನೇ ಅಂದಿದ್ಲ್ರಿ."

"ಮತ್ತೆ ಎಂತಕ್ಕೆ ಕೇಳಲಿಲ್ಲ?"

"ಆಕಿ ಆಳಂದದಾಕಿ ಸಾಹೇಬ್ರ. ಸಮುದ್ರ ನೋಡಿಲ್ಲ."

"ನೀವು ನೋಡಿದ್ದೀರಾ?"

"ಫೋಟೋದಾಗ ನೋಡೀನ್ರಿ."

ತೊಟ್ಟಿಯ ಸಮುದ್ರ ನಿಂತೇಹೋಗಿತ್ತು. ಲಾಲಸಾಬ ಬಾಯಿಗೆ ಟವೆಲ್ ತುರುಕಿಕೊಂಡಿದ್ದ. ಮೂಲ ಕೆಲಸವನ್ನೂ ಮುಗಿಸಿಬಿಡೋಣವೆಂದು ನಾನು ಮುಂದುವರಿದೆ.

"ಮತ್ತೊಂದು. ನಿಮ್ಮ ಹೆಂಗಸರನ್ನು ಅಫಜಲಪುರದ ಒಂದು ಗಂಟೆಗೇ ಊಟಕ್ಕೆ ಬಿಡಿ."

"ಅದೂ ಸ್ಕ್ರೀನಿನ್ಯಾಗ ಕಾಣ್ತದೇನ್ರಿ?"

"ಎಲ್ಲ ಕಾಣ್ತದೆ."

ಸಾಹುಕಾರನ ಫೋನು ಹೋದ ಹತ್ತು ನಿಮಿಷದಲ್ಲಿ ಖಾದರಸಾಬ ಧಾಬಾ ಒಂದರ ಮುಂದೆ ಲಾರಿ ನಿಲ್ಲಿಸಿ ತಂಪಿನ ಯಂತ್ರ ತಿರುಗಿಸಿ, ಹದಿಮೂರೂವರೆ ಎಂದು ತೋರಿಸುವ ಫೋಟೋ ಕಳಿಸಿದ. ಅಷ್ಟು ಹೊತ್ತಿನ ತಂಪಿಗೆ ಕಾಯಿಯ ಒಳಗೆ ಏನೂ ಆಗಿರುವುದಿಲ್ಲವೆಂದು ಭಾಗ್ಯಾಳಿಂದ ಉಪಾಯವಾಗಿ ಕೇಳಿ ತಿಳಿದುಕೊಂಡೆ. ಒಂದಕ್ಕೆ ಊಟದ ಗಂಟೆ ಹೊಡೆಯಿತು. ನಿಂಬೆವ್ವ ಬುತ್ತಿ ಬಿಚ್ಚಿ ನನಗೆ ಎರಡು ರೊಟ್ಟಿ ಹೆಚ್ಚಿಗೆ ಕೊಟ್ಟಳು. ಮುಂದಿನ ಹನ್ನೆರಡು ದಿನ ಗುರುಶಾಂತ ಕ್ಯಾಪ್ಟನ್ನನ ಗುಣಗಾನ ಮಾಡಿದ. ಎಂಥಾ ಮನುಷ್ಯ ಅಂತೀರಿ, ನಡುಸಮುದ್ರದಾಗ ನಿಂತು ಅಕ್ಕಲಕೋಟದ ಲಾರಿ ನೋಡ್ತಾನ.

ಹದಿಮೂರನೇ ದಿನ ದುಬೈನಿಂದ ಫೋಟೋ ಬಂತು. ಡಬ್ಬಿ ಬಿಚ್ಚಿದ್ದರು, ಕಾಯಿ ಗಿಳಿಯ ಬಣ್ಣ, ಒಂದು ಚುಕ್ಕೆಯಿಲ್ಲ. ಇನ್ನೂ ಎರಡು ಕಂಟೇನರ್ ಕಳಿಸಿ ಎಂದು ಬರೆದಿದ್ದರು. ಗುರುಶಾಂತ ಇಪ್ಪತ್ತೆರಡೂ ರೈತರನ್ನು ಕರೆಸಿ, ಶಾಮಿಯಾನಾ ಹಾಕಿಸಿ, ಶಾಲು ತರಿಸಿದ. ಕ್ಯಾಪ್ಟನ್ ಸಾಹೇಬರಿಗೆ ಎಲ್ಲರೆದುರು ಸ್ಪೀಕರಿನಲ್ಲಿ ಶರಣು ಹೇಳುತ್ತೇನೆಂದು ಮೈಕಿನ ಬಾಯಿಗೆ ಮೊಬೈಲ್ ಹಿಡಿದು, ಆ ನಂಬರು ಒತ್ತಿದ.

ಲಾಲಸಾಬನ ಕಿಸೆ ಬಡಿದುಕೊಳ್ಳತೊಡಗಿತು.

ಪಾಪ, ಅವನು ಗಾಬರಿಯಲ್ಲಿ ಫೋನು ಬಂದ್ ಮಾಡುವ ಬದಲು ಎತ್ತಿ ನನ್ನ ಕೈಗೆ ಕೊಟ್ಟುಬಿಟ್ಟ. ಐವತ್ತು ಜನ ನನ್ನನ್ನು ನೋಡಿದರು. ನೌಕರಿ ಹೋಯಿತೆಂದುಕೊಂಡೆ, ಆದರೆ ನನ್ನ ನಾಲಿಗೆಗೆ ಇನ್ನೂ ಡ್ಯೂಟಿ ಮುಗಿದಿರಲಿಲ್ಲ.

"ಎಂತ ಮಾರಾಯ್ರೆ, ಬಾಳೆಕಾಯಿ ಹುಷಾರುಂಟಾ?" ಎಂದಿತು ಅದು, ಮೈಕಿನಲ್ಲಿ.

ಗುರುಶಾಂತನ ಮುಖ ಒಂದೇ ನಿಮಿಷದಲ್ಲಿ ಹಸಿರಾಯಿತು, ಹಳದಿಗೆ ತಿರುಗಿತು, ಚುಕ್ಕೆಯೂ ಬಿತ್ತು. ಮೊದಲು ನಕ್ಕವಳು ನಿಂಬೆವ್ವ. ಹಿಂದೆಯೇ ಹೆಂಗಸರೆಲ್ಲ, ಆಮೇಲೆ ರೈತರು. ಸೈದಪ್ಪ ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದು ನಕ್ಕ.

ಗುರುಶಾಂತ ಒಂದು ಸಲ ರೈತರನ್ನು ನೋಡಿದ, ಒಂದು ಸಲ ದುಬೈನ ಫೋಟೋ ನೋಡಿದ. ಆಮೇಲೆ ಅವನ ಹೊಟ್ಟೆ ಅಲುಗಾಡಿತು.

"ನನಗ ಮೊದಲೇ ಗೊತ್ತಿತ್ತಲೇ ಸತೀಶಾ," ಎಂದು ನಗುತ್ತ ನನ್ನ ಬೆನ್ನಿಗೆ ಗುದ್ದಿದ. "ನೀ ಎಲ್ಲೀತನ ಹೋಗ್ತೀ ನೋಡೂಣಂತ ಸುಮ್ನಿದ್ನಿ."

"ಗೊತ್ತಿದ್ರ ಡ್ರೈವರಗ ಯಾಕ ಫೋನ್ ಮಾಡಿದ್ರಿ ಸರ್?" ಭಾಗ್ಯಾ ಕೇಳಿದಳು.

ಅವಳ ಪ್ರಶ್ನೆ ಶಾಮಿಯಾನಾದ ಹಿಂದಿನ ಸಾಲಿಗೆ ಮುಟ್ಟಲಿಲ್ಲ. ಅಷ್ಟರಲ್ಲಿ ಗುರುಶಾಂತ ಮೈಕನ್ನು ಬಾಯಿಗೆ ಹತ್ತಿರ ಮಾಡಿಕೊಂಡು ಎಲ್ಲರಿಗಿಂತ ಜೋರಾಗಿ ನಗತೊಡಗಿದ್ದ. ಭಾಗ್ಯಾ ಮತ್ತೆ ಕೇಳಲು ಬಾಯಿ ತೆರೆದಾಗಲೆಲ್ಲ ಇನ್ನೂ ಜೋರಾಗಿ ನಗುತ್ತಿದ್ದ.