ಒಂದು ಹೂವು, ಎರಡು ಮಾತು

ಒಂದು ಹೂವಿಗೆ ಒಂದೇ ಮಾತು ಕೇಳಬೇಕು. ಇದು ಶಾಂತಾದೇವಿಗೆ ಗೊತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನ್ಯಾಮತಿಯಲ್ಲಿರುವ ಆಕೆಯ ತವರಿನವರು ಬೋರ್ ಕೊರೆಸುವುದಕ್ಕೂ ಮನೆದೇವರ ಹತ್ತಿರ ಹೂ ಕೇಳುವ ಪೈಕಿ. ವೀರಭದ್ರನ ಎದೆಗೆ ಪೂಜೆಯ ಐನೋರು ಎರಡೂ ಕಡೆ ಒದ್ದೆ ಸೇವಂತಿಗೆ ಅಂಟಿಸುತ್ತಾರೆ, ಕೇಳುವವರು ಮನಸ್ಸಿನಲ್ಲೇ ಕೇಳುತ್ತಾರೆ. ದೇವರ ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಒಮ್ಮೆ ಆಕೆಯ ಚಿಕ್ಕಪ್ಪ ಒಂದು ಕೇಳಿ, ಚಿಕ್ಕಮ್ಮ ಅದೇ ಹೂವಿಗೆ ಇನ್ನೊಂದು ಕೇಳಿ, ಸಂಗತಿ ಹೊರಗೆ ಬಿದ್ದು, ಅಪ್ಪಣೆ ಕೆಟ್ಟಿತು ಅಂತ ನಿಶ್ಚಯವಾಗಿದ್ದ ಮದುವೆಯನ್ನೇ ಬಿಟ್ಟಿದ್ದರು. ಅದನ್ನು ಕಣ್ಣಾರೆ ಕಂಡವಳು ಆಕೆ.

ಆಕೆಯ ಗಂಡ ನಾಗರಾಜಪ್ಪನದು ಚನ್ನಗಿರಿಯಲ್ಲಿ ಗೊಬ್ಬರದ ಅಂಗಡಿ. ಆ ವರ್ಷ ಕಂಪನಿಯ ಟಾರ್ಗೆಟ್ ಮುಟ್ಟಿದ್ದಕ್ಕೆ ಗಂಡ ಹೆಂಡತಿ ಇಬ್ಬರಿಗೂ ವಿಯೆಟ್ನಾಂ ಪ್ರವಾಸ ಬಂತು. ವಿಮಾನ, ಲಾಡ್ಜು, ಊಟ ಎಲ್ಲ ಕಂಪನಿಯದೇ. ವಿಮೆ ಮಾತ್ರ ಬೇಕಾದವರು ಕೈಯಿಂದ ಮಾಡಿಸಿಕೊಳ್ಳಬೇಕು ಅಂತ ಕಂಪನಿಯ ಪ್ರದೀಪ್ ಹೇಳಿ ಹೋದ. ಸೊಸೆ ರೂಪಶ್ರೀ ಅದನ್ನೇ ಹಿಡಿದುಕೊಂಡಳು.

"ಮಾಡಿಸ್ರಿ ಮಾವ. ಇಬ್ಬರಿಗೂ ಸೇರಿ ಎರಡು ಚೀಲ ಡಿಎಪಿ ದುಡ್ಡೂ ಆಗಲ್ಲ. ನೀವು ಒಂದು ದಿನ ಬಿಪಿ ತೋರಿಸಿದೋರಲ್ಲ. ಮಾತು ಬರದ ಊರಾಗೆ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳ್ತೀರಿ?"

"ಬಿಡ್ತು ಅನ್ನು," ಅಂದ ನಾಗರಾಜಪ್ಪ. "ಹೊರಡಾಕೆ ಮುಂಚೇನೇ ಇಂಥ ಮಾತು ಆಡ್ತೀಯಲ್ಲವ್ವ. ಬೆಳೆ ವಿಮೆ ಕಟ್ಟಿದೋರು ನಮ್ಮ ಅಂಗಡಿ ಕಟ್ಟೆ ಮ್ಯಾಲೆ ಕುಂತು ಹೆಂಗೆ ಬೈತಾರೆ, ಕೇಳೀಯೇನು? ಕಟ್ಟಿಸ್ಕೊಳ್ಳಾಗ ಬಾರಪ್ಪ, ಕೊಡಾಗ ನೀ ಯಾರಪ್ಪ. ದೇವರನ್ನ ಕೇಳಾನ. ಹೋಗು ಅಂದ್ರೆ ಹೋಗಾದು, ಬ್ಯಾಡ ಅಂದ್ರೆ ಮನ್ಯಾಗೆ ಇರಾದು."

ಶಾಂತಾದೇವಿ ನಡುವೆ ಬಾಯಿ ಹಾಕಲಿಲ್ಲ. ಸೊಸೆಯ ಮಾತು ಸರಿ ಅನ್ನಿಸಿತ್ತು. ಆದರೆ ಗಂಡನನ್ನು ಕೆಣಕಿದರೆ ಪ್ರವಾಸವೇ ಬೇಡ ಅಂದುಬಿಟ್ಟಾನು ಅನ್ನುವ ಹೆದರಿಕೆ. ಮದುವೆಯಾದಾಗಿನಿಂದ ಅಂಗಡಿಗೆ ಬಾಗಿಲು ಹಾಕಿದ ಮನುಷ್ಯ ಅಲ್ಲ ಅವನು. ಅವನ ಪಕ್ಕ ಕೂತು ಊರು ನೋಡುವ ಯೋಗ ಆಕೆಗೆ ಇದೇ ಮೊದಲು, ಬಹುಶಃ ಇದೇ ಕೊನೆ. ಓಣಿಯವರಿಗೆಲ್ಲ ಹೇಳಿಯಾಗಿತ್ತು. ಸೀರೆಯ ಕೆಳಗೆ ಹಾಕಿಕೊಳ್ಳಲು ಬಿಳಿ ಬೂಟು ಬೇರೆ ತಂದಿಟ್ಟುಕೊಂಡಿದ್ದಳು.

ಹೊನ್ನಾಳಿಯ ಆಚೆ ಅವರ ಮನೆದೇವರು. ಹಾಲಸ್ವಾಮಿ ಐನೋರು ಹೂ ಅಂಟಿಸಿ, "ಒಬ್ಬರೇ ಕೇಳ್ರಿ. ಒಂದು ಹೂವಿಗೆ ಎರಡು ಮಾತು ಹೊರಿಸಬ್ಯಾಡ್ರಿ," ಅಂದರು. ನಾಗರಾಜಪ್ಪ ಗಟ್ಟಿಯಾಗೇ ಕೇಳಿದ: "ಅಪ್ಪಾ, ಹೋಗಿ ಬರಾಕೆ ಅಪ್ಪಣೆ ಕೊಡು."

ಹೂ ಕದಲಲಿಲ್ಲ. ಕಾದರು, ಕಾದರು. ಐನೋರ ಗಂಟೆಯ ಸದ್ದು ಬಿಟ್ಟರೆ ಗುಡಿಯಲ್ಲಿ ಒಂದು ಉಸಿರಿಲ್ಲ. ಆ ಹೊತ್ತಿನಲ್ಲಿ ಶಾಂತಾದೇವಿಯ ಮನಸ್ಸು ಎಂಬ ಮಂಗ ಸುಮ್ಮನಿರಲಿಲ್ಲ ನೋಡಿ. ಕಣ್ಣು ಮುಚ್ಚಿ ಕೇಳಿಯೇಬಿಟ್ಟಳು: ತಂದೆ, ಆ ವಿಮೆ ಮಾಡಿಸಬೇಕಾ? ಮಾಡಿಸಬೇಕು ಅನ್ನುವುದಾದರೆ ಬಲಗಡೆ ಕೊಡು.

ಬಲಗಡೆಯ ಹೂ ಉದುರಿತು.

"ನೋಡು, ಮನೆದೇವರೇ ಹೋಗು ಅಂದ," ಅಂತ ನಾಗರಾಜಪ್ಪ ಹೂವನ್ನು ಕಣ್ಣಿಗೊತ್ತಿಕೊಂಡ. ಅವನ ಮುಖ ಅರಳಿತ್ತು. ಶಾಂತಾದೇವಿ ಅವನ ಕೈಯಲ್ಲಿದ್ದ ಹೂವನ್ನೇ ನೋಡಿದಳು. ಹೂ ಯಾರ ಮಾತಿಗೆ ಬಿತ್ತು?

ಪ್ರದೀಪ್ ಅಂಗಡಿಗೆ ಫೋನ್ ಮಾಡಿ, ವಿಮೆಗೆ ಹೆಸರು ಕೊಡಲು ಇವತ್ತೇ ಕಡೆ ಅಂದಾಗ ಊಟ ತಂದಿದ್ದ ಆಕೆ ಅಲ್ಲೇ ನಿಂತಿದ್ದಳು. "ನಮಗೆ ಬ್ಯಾಡಪ್ಪ," ಅಂದ ನಾಗರಾಜಪ್ಪ. "ದೇವರು ಬಲಗಡೆ ಕೊಟ್ಟ ಮ್ಯಾಲೂ ವಿಮೆ ಮಾಡಿಸಿದ್ರೆ, ನಿನ್ನ ಮಾತಿಗೆ ಜಾಮೀನು ಬೇಕು ಅಂತ ಆ ದೇವರಿಗೇ ಅಂದಂಗೆ ಆಗ್ತೈತೆ."

ಆಕೆ ಬಾಯಿ ತೆರೆದಳು. ಹೇಳಿದರೆ ಅಪ್ಪಣೆ ಕೆಟ್ಟಂತೆ. ಒಮ್ಮೆ ಕೆಟ್ಟದ್ದನ್ನು ಆ ವರ್ಷ ಮತ್ತೆ ಕೇಳುವಂತಿಲ್ಲ. ಪ್ರವಾಸ ಹೋಗುತ್ತೆ, ಬೂಟು ಮೂಲೆ ಸೇರುತ್ತೆ, ಓಣಿಯವರು ನಗುತ್ತಾರೆ. ಆರು ದಿನದ ಪ್ರವಾಸದಲ್ಲಿ ಏನು ಮುಳುಗುತ್ತೆ ಅಂದುಕೊಂಡಳು. "ರೊಟ್ಟಿ ಆರಿ ಹೋಗ್ತೈತೆ, ಉಣ್ರಿ," ಅಂದಳು. ಅಷ್ಟೇ ಅಂದಳು.

ವಿಮಾನದಲ್ಲಿ ಕಿಟಕಿಯ ಸೀಟು ನಾಗರಾಜಪ್ಪ ಆಕೆಗೇ ಬಿಟ್ಟುಕೊಟ್ಟ. ಸುಳ್ಳು ಯಾಕೆ ಹೇಳಲಿ, ಮೊದಲ ಎರಡು ದಿನ ಆಕೆಯಷ್ಟು ಸುಖಿ ಈ ತಾಲ್ಲೂಕಿನಲ್ಲೇ ಇರಲಿಲ್ಲ. ಅದೇ ಗುಂಪಿನಲ್ಲಿ ಜಗಳೂರಿನ ಡೀಲರ್ ಗುರುಬಸವರಾಜ್ ಇದ್ದ. ಮೊದಲ ದಿನವೇ ತಿಂದದ್ದು ಒಗ್ಗದೆ ವಾಂತಿ ಹಿಡಿದು, ವಿಮೆಯವರಿಗೆ ಫೋನ್ ಮಾಡಿದ್ದೇ ತಡ ಆಸ್ಪತ್ರೆಯವರು ಅವನನ್ನು ಒಳಗೆ ಕರೆದುಕೊಂಡಿದ್ದರು. ನಾಗರಾಜಪ್ಪ ಅವನನ್ನು, "ಏನಪ್ಪ, ಕೊಟ್ಟ ದುಡ್ಡು ವಸೂಲಿ ಮಾಡ್ಕೊಂಡೆ," ಅಂತ ಚೇಷ್ಟೆ ಮಾಡುತ್ತಿದ್ದ.

ಮೂರನೆಯ ದಿನ ದೋಣಿಯಲ್ಲಿ ಕೂತಿದ್ದಾಗ ಅವನ ಕೈಯಿಂದ ಎಳನೀರು ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಆಕೆಯ ಮೇಲೆ ಒರಗಿದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಏನೋ ಹೇಳಲು ನೋಡಿದ, ಮಾತಾಗಲಿಲ್ಲ.

ಆಸ್ಪತ್ರೆಯಲ್ಲಿ, ಗುಂಪಿನ ಜೊತೆ ಬಂದಿದ್ದ ಪ್ರದೀಪ್ ಕೇಳಿದ ಮೊದಲ ಮಾತು, "ಅಮ್ಮ, ಕಡೆಗಾದ್ರೂ ವಿಮೆ ಮಾಡಿಸಿದ್ರಾ?" ಆಕೆ ಇಲ್ಲ ಅಂತ ತಲೆಯಾಡಿಸಿದಳು. ಮೆದುಳಿನ ನರ ಕಟ್ಟಿದೆ, ತಡಮಾಡುವಂತಿಲ್ಲ, ಆದರೆ ಮುಂಗಡ ಕಟ್ಟದೆ ಚಿಕಿತ್ಸೆ ಶುರು ಮಾಡುವುದಿಲ್ಲ ಅಂದರು ಆಸ್ಪತ್ರೆಯವರು. ಅಂದು ಭಾನುವಾರ, ಬ್ಯಾಂಕಿಗೆ ರಜೆ. ಮಗ ವಿನಯ್ ಕುಮಾರ್ ಚನ್ನಗಿರಿಯಲ್ಲಿ ಸಾಲಕ್ಕೆ ಅಡಿಕೆ ಮಂಡಿಯವರ ಬಾಗಿಲು ತಟ್ಟುತ್ತಿದ್ದ, ದುಡ್ಡು ಸಮುದ್ರ ದಾಟುತ್ತಿರಲಿಲ್ಲ. ಕೊನೆಗೆ ಗುರುಬಸವರಾಜನೇ ಉಳಿದ ಡೀಲರುಗಳ ಕಾರ್ಡುಗಳನ್ನೆಲ್ಲ ಕೂಡಿಸಿ ಕಟ್ಟಿದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಜೀವ ಉಳಿಯುತ್ತೆ, ಬಂದ ತಕ್ಷಣ ಶುರು ಮಾಡಿದ್ದರೆ ಕೈಕಾಲೂ ಉಳಿಯುತ್ತಿತ್ತೋ ಏನೋ ಅಂತ ಡಾಕ್ಟರು ಹೇಳಿದ್ದನ್ನು ಪ್ರದೀಪ್ ಕನ್ನಡದಲ್ಲಿ ಹೇಳಿದ. ಹೇಳುವಾಗ ಆಕೆಯ ಮುಖ ನೋಡಲಿಲ್ಲ.

ಊರಿಗೆ ಬಂದ ನಾಗರಾಜಪ್ಪನ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಇಲ್ಲ, ಬುದ್ಧಿ ಮಾತ್ರ ಪೂರ್ತಿ ಇತ್ತು. ನೋಡಲು ಬಂದವರೆಲ್ಲ ಒಂದೇ ರಾಗ: "ದೇವರು ಬಲಗಡೆ ಕೊಟ್ಟಿದ್ದಕ್ಕೆ ಹೋದ ಜೀವ ತಿರುಗಿ ಬಂತು ಕಣವ್ವ." ಶಾಂತಾದೇವಿ ಬಂದವರಿಗೆ ಚಹಾ ಕೊಟ್ಟು, ಹೌದು ಅನ್ನುತ್ತಿದ್ದಳು.

ದಿನಾ ಬೆಳಿಗ್ಗೆ ಫಿಸಿಯೋಥೆರಪಿಯ ಪರಶುರಾಮ್ ಬಂದು ಬಿದ್ದ ಕೈಕಾಲು ಎಳೆದು ಮಡಚಿ ಮಾಡಿಸುತ್ತಿದ್ದ. ನಾಗರಾಜಪ್ಪ ನೋವಿಗೆ ಮಗುವಿನ ಹಾಗೆ ಅಳುತ್ತಿದ್ದ. "ಬಿಟ್ರೆ ಕಾಲು ಸೆಟೆದು ಹೋಗ್ತೈತ್ರಿ, ಆಮೇಲೆ ಯಾರ ಕೈಲೂ ಆಗಲ್ಲ," ಅಂತ ಪರಶುರಾಮ್ ಹೇಳಿದ್ದ. ಬೆರಳು ಈಚೀಚೆಗೆ ಒಂದಿಷ್ಟು ಅಲುಗಾಡುತ್ತಿದ್ದವು.

ವ್ಯಾನ್ ಮಾಡಿಕೊಂಡು ಮತ್ತೆ ಮನೆದೇವರಿಗೆ ಹೋದರು. ಅಪ್ಪ ನಡೆದಾಡುತ್ತಾನೋ ಇಲ್ಲವೋ ಕೇಳಿಬಿಡೋಣ ಅಂದ ವಿನಯ್. ಯಜಮಾನರಿಗೆ ಆಗೋದಿಲ್ಲ, ಅಮ್ಮನೇ ಕೇಳಲಿ ಅಂದರು ಐನೋರು. ಶಾಂತಾದೇವಿ ಕೈ ಮುಗಿದು ನಿಂತಳು. ನಡೀತಾರಾ ಅಂತಲೇ ಕೇಳಬೇಕು ಅಂತ ಬಂದಿದ್ದಳು. ಆದರೆ ಎಷ್ಟೋ ತಿಂಗಳಿನಿಂದ ಎದೆಯಲ್ಲಿ ಕೂತದ್ದೇ ಮನಸ್ಸಿನಲ್ಲಿ ಮುಂದೆ ಬಂತು: ತಂದೆ, ಇವರು ಹಿಂಗಾಗಿದ್ದು ನನ್ನಿಂದಲಾ?

ಬಲಗಡೆಯ ಹೂ ತಟ್ಟನೆ ಬಿತ್ತು. ಕಾಯಿಸಲೇ ಇಲ್ಲ.

ವಿನಯ್ ಅಪ್ಪನನ್ನು ತಬ್ಬಿಕೊಂಡ. ರೂಪಶ್ರೀ ಅತ್ತಳು. ನಾಗರಾಜಪ್ಪನ ಕಣ್ಣಿಂದ ಗಳಗಳ ನೀರು. ವ್ಯಾನಿನಲ್ಲಿ ಕೂತ ಮೇಲೆ ಅವನು ಎಡಗೈಯಿಂದ ಹೆಂಡತಿಯ ಕೈ ಹಿಡಿದ. ಎಷ್ಟೋ ಹೊತ್ತು ಹಾಗೇ ಇದ್ದು, ಕೈ ಬಿಡಿಸಿ, ಜೇಬಿನಲ್ಲಿದ್ದ ಹೂವನ್ನು ತೋರಿಸಿದ. ಆಮೇಲೆ ತನ್ನ ಬಲಗಾಲನ್ನು ಮುಟ್ಟಿ, ಬೇಡ ಬೇಡ ಅಂತ ಕೈಯಾಡಿಸಿದ.

"ಪರಶುರಾಮ್ ಬರಾದು ಬ್ಯಾಡ ಅಂತೀಯೇನಪ್ಪ?" ಅಂದ ವಿನಯ್. ನಾಗರಾಜಪ್ಪ ಹೌದು ಅಂತ ಜೋರಾಗಿ ತಲೆಯಾಡಿಸಿದ. "ಆಯ್ತು ಬಿಡು. ದೇವರೇ ಕೊಟ್ಟ ಮ್ಯಾಲೆ ದಿನಾ ಆ ನೋವು ಯಾಕೆ? ಈಗಲೇ ಫೋನ್ ಮಾಡಿ ಹೇಳ್ತೀನಿ."

ನಾಗರಾಜಪ್ಪ ಮತ್ತೆ ಹೆಂಡತಿಯ ಕೈ ಹಿಡಿದುಕೊಂಡ. ವ್ಯಾನು ಹೊನ್ನಾಳಿ ಸೇತುವೆಯ ಮೇಲಿತ್ತು. ರೊಟ್ಟಿ ಆರಿ ಹೋಗ್ತೈತೆ ಅಂದ ಆ ಮಧ್ಯಾಹ್ನ ಶಾಂತಾದೇವಿಯ ಕಣ್ಣ ಮುಂದೆ ಬಂತು.

"ಫೋನ್ ಇಡು ವಿನಯ," ಅಂದಳು. "ಆ ಹೂವು ಇವರ ಕಾಲಿನ ಮಾತಿಗೆ ಬಿದ್ದದ್ದಲ್ಲ. ನಾನು ಅದನ್ನ ಕೇಳಲಿಲ್ಲ."

"ಮತ್ತೇನ್ ಕೇಳಿದಿ?"

ಹೇಳಿದಳು. ಇವತ್ತು ಕೇಳಿದ್ದನ್ನು ಹೇಳಿದಳು, ಹೋದ ವರ್ಷ ಗಂಡನ ಮಾತಿನ ಮೇಲೆ ತನ್ನ ಮಾತು ಹೊರಿಸಿದ್ದನ್ನು ಹೇಳಿದಳು, ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಿದಳು. ಬಿಳಿ ಬೂಟಿನ ಮಾತನ್ನೂ ಬಿಡಲಿಲ್ಲ. ಡ್ರೈವರ್ ಹಾಡು ಬಂದ್ ಮಾಡಿದ.

ನಾಗರಾಜಪ್ಪ ಆಕೆಯನ್ನೇ ನೋಡಿದ. ಮೆಲ್ಲಗೆ ಎಡಗೈಯನ್ನು ಆಕೆಯ ಕೈಯಿಂದ ಎಳೆದುಕೊಂಡು, ಬಿದ್ದುಹೋದ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕಿಟಕಿಯ ಕಡೆ ತಿರುಗಿದ.

ಮರುದಿನ ಬೆಳಿಗ್ಗೆ ಪರಶುರಾಮ್ ಬಂದ. ಕಾಲು ಎಳೆಯುವಾಗ ನೋವು ತಡೆಯಲಾರದೆ ನಾಗರಾಜಪ್ಪ ಆಸರೆಗೆ ಎಡಗೈ ಚಾಚಿದ. ಶಾಂತಾದೇವಿ ಎಂದಿನಂತೆ ಕೈ ಕೊಡಲು ಮುಂದೆ ಬಂದಳು. ಅವನು ಮಂಚದ ಸರಳು ಹಿಡಿದುಕೊಂಡ.