ಮೊಣಕೈ ದಾಟದ ಬಳೆ

ಬಾಲವಾಡಿಯ ಬಾಗಿಲು ತೆರೆದಿತ್ತು. ಚಾಪೆ ಹಾಸಿತ್ತು. ಮಕ್ಕಳು ಮಾತ್ರ ಒಬ್ಬರೂ ಬಂದಿರಲಿಲ್ಲ. ಇದು ೧೯೭೮ರ ಮಾತು. ಕುರುಗೋಡಿನ ಆಚೆ ಒಂದು ಮ್ಯಾಸಬೇಡರ ಹಟ್ಟಿಯಲ್ಲಿ ನಡೆದದ್ದು.

ಟೀಚರ್ ಚನ್ನವೀರಮ್ಮ ಬಳ್ಳಾರಿಯ ಪಾರ್ವತಿನಗರದವರು. ಅವರಿಗೆ ಹೆಚ್ಚಿನ ಚಿಂತೆ ಎರಡೂವರೆ ವರ್ಷದ ಓಬಮ್ಮನದು. ಮಕ್ಕಳ ತಪಾಸಣೆಗೆ ಬರುವ ನರ್ಸಮ್ಮ ಟೀಚರಿಗೆ ಹಿತ್ತಾಳೆಯ ಒಂದು ಪುಟ್ಟ ಬಳೆ ಕೊಟ್ಟಿದ್ದರು. ಅದನ್ನು ಮಗುವಿನ ಕೈಗೆ ಹಾಕಿ ಮೇಲಕ್ಕೆ ಸರಿಸಬೇಕು. ತುಂಬಿದ ತೋಳಾದರೆ ಬಳೆ ಮೊಣಕೈ ದಾಟುವುದಿಲ್ಲ. ಓಬಮ್ಮನ ಕೈಯಲ್ಲಿ ಅದು ಹೆಗಲವರೆಗೂ ಜಾರಿತ್ತು.

"ಹಿಂಗೇ ಬಿಟ್ರ ಈ ಕೂಸು ಸಣ್ಣ ಜ್ವರಾನೂ ತಡಕೊಳ್ಳಂಗಿಲ್ಲ," ಎಂದಿದ್ದರು ನರ್ಸಮ್ಮ.

ಅದಕ್ಕೇ ಚನ್ನವೀರಮ್ಮ ಹಿಂದಿನ ದಿನ ಪೇಟೆಯಿಂದ ಒಂದು ಬುಟ್ಟಿ ಕೋಳಿಮೊಟ್ಟೆ ತಂದಿದ್ದರು. ಅದನ್ನು ಕಂಡ ಮಕ್ಕಳು ಮನೆಗೆ ಓಡಿದವರು ತಿರುಗಿ ಬಂದಿರಲಿಲ್ಲ.

ಚನ್ನವೀರಮ್ಮ ಓಬಮ್ಮನ ಮನೆಗೆ ಹೋದರು. ತಾಯಿ ಗಾದೆಮ್ಮ ದೇಶನೂರಿಗೆ ಭತ್ತದ ನಾಟಿಗೆ ಹೋಗಿದ್ದಳು. ನಾಟಿ ಮುಗಿಸಿ, ಕಳೆಯನ್ನೂ ತೆಗೆದೇ ಊರಿಗೆ ಬರುವುದು. ಅಜ್ಜಿ ಎರ್ರಮ್ಮ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ಬರ್ರಿ ಟೀಚರಮ್ಮ. ಮೊದ್ಲು ನೀರು ಕುಡೀರಿ, ಆಮ್ಯಾಲೆ ಬೈತೀನಿ," ಎಂದು ಚೊಂಬು ಮುಂದಿಟ್ಟರು.

"ಏನ್ ತಪ್ಪಾತಜ್ಜಿ?"

"ಎರಡು ತಿಂಗಳಾತು ನೀವು ಬರಾಕತ್ತಿ. ನಮ್ಮ ಹಟ್ಯಾಗ ಕೋಳಿ ಕೂಗಿದ್ದು ಕೇಳೀರೇನು?"

ಚನ್ನವೀರಮ್ಮ ಯೋಚಿಸಿದರು. ಕೇಳಿರಲಿಲ್ಲ. ಕೇಳಿಲ್ಲವೆಂಬುದೇ ಗಮನಕ್ಕೆ ಬಂದಿರಲಿಲ್ಲ.

"ಕುರಿ ತಿಂತೀವಿ. ಕೋಳಿ, ತತ್ತಿ ನಮ್ಮ ಕುಲಕ್ಕ ಬರಂಗಿಲ್ಲ. ಸಾಕಂಗೂ ಇಲ್ಲ, ಮುಟ್ಟಂಗೂ ಇಲ್ಲ. ಅದಿರ್ಲಿ, ನೀವು ತಿಂತೀರೇನು?"

"ಇಲ್ರಿ, ನಾವು ಲಿಂಗಾಯತರು. ಬುಟ್ಟೀನ ಸೆರಗಿಲೆ ಹಿಡಕೊಂಡು ತಂದೀನಿ."

ಎರ್ರಮ್ಮ ಬಿದ್ದು ಬಿದ್ದು ನಕ್ಕರು. "ಶಿವನೇ! ತಿನ್ನದಾಕಿ ತಂದ್ಲು, ತಿನ್ನದೋರಿಗೆ ಕೊಟ್ಲು!"

ಚನ್ನವೀರಮ್ಮನಿಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು. "ನಾ ಮೊದ್ಲೇ ಕೇಳಬೇಕಿತ್ತಜ್ಜಿ. ಆದ್ರ ಈ ತೋಳು ನೋಡ್ರಿ. ನಿಮ್ಮ ಮಗನ್ನ ಏನ್ ಕೊಟ್ಟು ಬೆಳೆಸಿದ್ರಿ?"

"ನವಣಿ ಹುರಿದು, ಶೇಂಗಾ ಕುಟ್ಟಿ, ಬೆಲ್ಲ ಹಾಕಿ ಉಂಡಿ ಮಾಡ್ತಿದ್ವಿ. ಮ್ಯಾಲೊಂದಿಷ್ಟು ಆಕಳ ಹಾಲು."

"ಈಗ?"

ಎರ್ರಮ್ಮ ಮಗುವಿನ ಕೈ ಸವರಿದರು. "ಈಗ ಕೂಲಿಗೆ ನೆಲ್ಲು ಕೊಡ್ತಾರ. ಬಿಳಿ ಅನ್ನ, ಉಪ್ಪು, ನೀರು. ಉಂಡಿ ಅಂದ್ರ ಹಳೇ ಕಾಲದ್ದು ಅಂತಾರ."

"ನರ್ಸಮ್ಮ ಹೇಳೋ ಶಕ್ತಿ ಎಲ್ಲಾ ಆ ಉಂಡ್ಯಾಗ ಐತ್ರಿ. ನನಗ ಮಾಡಾಕ ಬರಂಗಿಲ್ಲ. ಕಲಿಸ್ರಿ."

"ಸರಕಾರದ ಸಾಲ್ಯಾಗ ನಮ್ಮ ಉಂಡೀನಾ?"

"ಮಕ್ಕಳು ನಿಮ್ಮವಲ್ಲೇನು?"

ಎರ್ರಮ್ಮ ಬುಟ್ಟಿಯ ಮೇಲೆ ಹೊದಿಸಲು ಬೇವಿನ ಸೊಪ್ಪು ಕೊಟ್ಟರು. "ಒಡೀಬ್ಯಾಡ್ರಿ ಪಾಪ. ತಿನ್ನೋರ ಮನಿಗೆ ಕೊಡ್ರಿ." ಬುಟ್ಟಿ ಹಟ್ಟಿ ದಾಟಿದ ಮೇಲೆ ಬಾಲವಾಡಿಯನ್ನು ತಾವೇ ಸಗಣಿ ಹಾಕಿ ಸಾರಿಸಿದರು. ಮರುದಿನ ಒನಕೆ ಹೊತ್ತು ಬಂದರು.

ಮೊದಲ ದಿನ ಐದು ಮಕ್ಕಳು ಬಂದರು. ವಾರದಲ್ಲಿ ಹಟ್ಟಿಯ ಹದಿನೆಂಟು ಮಕ್ಕಳೂ ಬಂದರು. ಆ ಮಕ್ಕಳ ಮನೆಮಾತು ತೆಲುಗು. ಎರ್ರಮ್ಮ "ತಿನು ತಲ್ಲಿ", ಅಂದರೆ ತಿನ್ನು ತಾಯಿ, ಎಂದು ಉಂಡೆ ಕೊಡುವುದನ್ನು ನೋಡಿ ಚನ್ನವೀರಮ್ಮನೂ ಹಾಗೆಯೇ ಕರೆಯಲು ಕಲಿತರು. ಓಬಮ್ಮ ಮೊದಲು ಅರ್ಧ ಉಂಡೆ ತಿಂದಳು. ಆಮೇಲೆ ಒಂದು. ಆಮೇಲೆ ಇನ್ನೊಂದಕ್ಕೆ ಕೈ ಚಾಚಿದಳು.

ಎರಡು ತಿಂಗಳ ಮೇಲೆ ಗಾದೆಮ್ಮ ಊರಿಗೆ ಬಂದಳು. ಅಂದೇ ಬಳೆ ಹಾಕಿ ನೋಡುವ ದಿನ. ಮಗುವಿಗೆ ತಣ್ಣಗೆ ತಾಕಬಾರದೆಂದು ಚನ್ನವೀರಮ್ಮ ಯಾವಾಗಲೂ ಬಳೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದರು. ಆ ದಿನ ಎರ್ರಮ್ಮ ಕೈ ಚಾಚಿದರು.

"ಇತ್ತ ತರ್ರಿ. ನಾ ಹಾಕ್ತೀನಿ."

ಅವರೂ ಅದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದರು. ಮೆಲ್ಲಗೆ ತೊಡಿಸಿ ಸರಿಸಿದರು. ಬಳೆ ಮೊಣಕೈಗೆ ಬಂದು ನಿಂತಿತು. ಮುಂದೆ ಹೋಗಲಿಲ್ಲ.

"ಅತ್ತಿ, ಏನ್ ಮಾಡೀರಿ ನನ್ನ ಕೂಸಿಗೆ?" ಎಂದಳು ಗಾದೆಮ್ಮ.

"ನಿನ್ನ ಗಂಡಗ ಮಾಡಿದ್ದನ್ನ! ನಮ್ಮ ಉಂಡಿ ಸಾಲಿ ಸೇರೇತಿ, ತಿಳೀತೇನು?"

ಅಕ್ಕತಂಗಿಯರೇ, ಮಕ್ಕಳನ್ನು ಬಾಲವಾಡಿಗೆ ಕಳಿಸಿ, ಜೊತೆಗೆ ನೀವೂ ಹೋಗಿ. ನಿಮ್ಮಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ, ಅಂಜದೆ ಹೇಳಿ. ಮಕ್ಕಳ ಸೇವೆಗೆಂದು ಹೊರಟವರೇ, ಬುಟ್ಟಿ ಇಳಿಸುವ ಮೊದಲು ಆ ಮನೆಯ ಅಜ್ಜಿಯನ್ನು ಒಂದು ಮಾತು ಕೇಳಿ. ಅವರು ಮೊದಲು ನೀರು ಕೊಡುತ್ತಾರೆ. ಕುಡಿದು, ಕೂತು ಕೇಳಿ.